ಏರದ ನೀಲಿ ಗೆರೆ

ಕಾನೂನು ಮಾಡುವವರು ಅದನ್ನು ಒಂದು ದಿನವಾದರೂ ಮೈಮೇಲೆ ಹೊತ್ತು ನೋಡಲಿ ಎಂಬ ಮಾತು ಮೊದಲು ಯಾರ ಬಾಯಿಂದ ಬಂತೋ ಯಾರಿಗೂ ನೆನಪಿಲ್ಲ. ಹಳೆಯ ರಾಜಧಾನಿಯಲ್ಲಿ ಉಸಿರಾಡುವುದೇ ಕಷ್ಟವಾಗಿ, ಸರ್ಕಾರ ಗಂಟುಮೂಟೆ ಕಟ್ಟಿಕೊಂಡು ನರ್ಮದೆಯ ದಂಡೆಗೆ ಬಂದು ಹೊಸ ಊರು ಕಟ್ಟಿತಲ್ಲ, ಅದಾದ ಮೇಲಿನ ಮೊದಲ ಚುನಾವಣೆಯಲ್ಲಿ ಈ ಮಾತು ಊರೂರು ಸುತ್ತಿತು. ಗೆದ್ದು ಬಂದ ಜನಸಭೆ ತನ್ನ ಮೊದಲ ಅಧಿವೇಶನದಲ್ಲೇ ಅದನ್ನು ನಿಯಮ ಮಾಡಿತು. ಆ ನಿಯಮದ ಜೊತೆ ಹುಟ್ಟಿದ್ದು ಒಡಲಂಗಿ.

ಒಡಲಂಗಿ ಎಂದರೆ ಕುತ್ತಿಗೆಯಿಂದ ಪಾದದವರೆಗೆ ಮೈಗೆ ಅಂಟಿ ಕೂರುವ ಬೂದು ಬಣ್ಣದ ತೆಳು ಉಡುಪು. ಸೀರೆಯ ಒಳಗೂ ಹಾಕಿಕೊಳ್ಳಬಹುದು, ಪಂಚೆಯ ಒಳಗೂ ಹಾಕಿಕೊಳ್ಳಬಹುದು. ಹೊಸ ಕಾನೂನನ್ನು ಮೊದಲು ಯಾವುದಾದರೂ ಒಂದು ಹೋಬಳಿಯಲ್ಲಿ ಪರೀಕ್ಷೆಗೆಂದು ಜಾರಿ ಮಾಡುತ್ತಿದ್ದರು. ಅದರ ಕೆಳಗೆ ಬದುಕಿದ ಒಬ್ಬರ ಮೈ ಪಟ್ಟ ಬಿಸಿ, ಭಾರ, ಹಸಿವು, ಸೆಳೆತ ಎಲ್ಲವನ್ನೂ ಅಂಥದೇ ಒಂದು ಅಂಗಿ ಹಿಡಿದಿಟ್ಟುಕೊಳ್ಳುತ್ತಿತ್ತು. ಆಮೇಲೆ ಸದಸ್ಯರ ಅಂಗಿಗಳು ಅದನ್ನೇ ಸದಸ್ಯರ ನರಗಳಿಗೆ ಊಡುತ್ತಿದ್ದವು. ಮಸೂದೆಯ ಮೇಲೆ ಮತ ಹಾಕುವ ಮುಂಚೆ ಒಂದು ಇಡೀ ಹಗಲು ಅಂಗಿ ಹಾಕಿರಬೇಕು. ಹಾಕಿದವರ ಆಸನದ ಮುಂದಿನ ಮತದ ಗುಂಡಿಗೆ ಮಾತ್ರ ಬೆಳಕು ಬರುತ್ತಿತ್ತು.

ಅಂಗಿ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಹಾಕಿಕೊಂಡವರ ನಾಡಿ, ಬೆವರು, ಸ್ನಾಯುಗಳ ಬಿಗಿತವನ್ನು ಅಳೆದು ಸದನದ ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಕಳಿಸುತ್ತಿತ್ತು. ಅಲ್ಲಿ ಪರದೆಯ ಮೇಲೆ ಎರಡು ಗೆರೆಗಳು ಮೂಡುತ್ತಿದ್ದವು. ಹೇರಿದ ಭಾರಕ್ಕೆ ಕೆಂಪು, ಅದಕ್ಕೆ ಮೈ ಕೊಟ್ಟ ಉತ್ತರಕ್ಕೆ ನೀಲಿ. ನೀಲಿ ಗೆರೆ ಎಷ್ಟು ಏರಿತು ಎಂದು ಎಲ್ಲ ಸದಸ್ಯರದನ್ನೂ ಕೂಡಿಸಿ ಭಾಗಿಸಿ, ಈ ಕಾನೂನು ಮನುಷ್ಯರು ಸಹಿಸಬಹುದಾದದ್ದೋ ಅಲ್ಲವೋ ಎಂದು ಮಸೂದೆಯ ಕೊನೆಗೆ ಬರೆಯುತ್ತಿದ್ದರು.

ಅಂಗಿಯೊಳಗೆ ಜೀವವಿರುವ ಮನುಷ್ಯ ಇದ್ದಾನೆಯೇ ಎಂದು ಯಂತ್ರ ನೋಡುತ್ತಿತ್ತು. ಯಾವ ಮನುಷ್ಯ ಎಂದು ನೋಡುತ್ತಿರಲಿಲ್ಲ. ಸದಸ್ಯರ ಮೈಗುರುತನ್ನು ಯಂತ್ರಕ್ಕೆ ಒಪ್ಪಿಸುವುದು ಸದನದ ಘನತೆಗೆ ಕುಂದು ಎಂದು ಎಲ್ಲ ಪಕ್ಷದವರೂ ಒಂದೇ ದನಿಯಲ್ಲಿ ಹೇಳಿದ್ದರು. ಆ ಅವಧಿಯಲ್ಲಿ ಎಲ್ಲರೂ ಒಪ್ಪಿದ್ದ ಕೆಲವೇ ಸಂಗತಿಗಳಲ್ಲಿ ಅದೂ ಒಂದು.

ಚೆಲುವಾಂಬ ಆ ಸಭೆಗೆ ಮಂಡ್ಯದ ಕಡೆಯಿಂದ ಆರಿಸಿ ಬಂದವಳು. ಅದಕ್ಕೆ ಮುಂಚೆ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಗಂಡ ಊರಿನ ಹಾಲಿನ ಸಂಘದ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ. ಆದ್ದರಿಂದ ಐದನೆಯ ಕ್ಲಾಸಿನ ಮಗಳು ಇಂಚರಳನ್ನೂ, ಗಂಡನ ಅಕ್ಕ ಜವರಮ್ಮನನ್ನೂ ಕರೆದುಕೊಂಡು ಬಂದಿದ್ದಳು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡ ಜವರಮ್ಮ ತಮ್ಮನ ಮನೆಯಲ್ಲೇ ಉಳಿದವಳು. ಚೆಲುವಾಂಬ ಬಿ.ಎಡ್. ಓದಿದ್ದು, ಕೆಲಸಕ್ಕೆ ಹೋದದ್ದು, ಚುನಾವಣೆಗೆ ನಿಂತದ್ದು, ಎಲ್ಲ ಆ ಅತ್ತಿಗೆ ಒಲೆಯ ಮುಂದೆ ಇದ್ದಳೆಂಬ ಧೈರ್ಯದ ಮೇಲೆ.

ಮೊದಮೊದಲು ಚೆಲುವಾಂಬ ಅಂಗಿಯನ್ನು ತಾನೇ ಹಾಕಿಕೊಳ್ಳುತ್ತಿದ್ದಳು. ರೈಲಿನ ಜನರಲ್ ಬೋಗಿಯ ಮಸೂದೆ ಬಂದಾಗ ಇಡೀ ದಿನ ಪಕ್ಕೆಗಳು ಒತ್ತಿ ಅವಳಿಗೆ ಸರಿಯಾಗಿ ಉಸಿರು ಬಿಡಲಾಗಲಿಲ್ಲ. ಪಡಿತರದ ಮಸೂದೆ ಬಂದಾಗ ಹೊಟ್ಟೆ ತುಂಬ ಉಂಡರೂ ಹಸಿವು ಹೋಗಲಿಲ್ಲ. ಸದನದಲ್ಲಿ ಡಾಕ್ಟರಿದ್ದರು, ವಕೀಲರಿದ್ದರು, ಸಿನಿಮಾದವರಿದ್ದರು, ಮೂರು ತಲೆಮಾರಿನಿಂದ ಅದೇ ಕ್ಷೇತ್ರದಲ್ಲಿ ಗೆಲ್ಲುತ್ತಿದ್ದ ಮನೆತನದವರಿದ್ದರು. ಎಲ್ಲರೂ ಮೊಗಸಾಲೆಯಲ್ಲಿ ಸೊಂಟ ಹಿಡಿದುಕೊಂಡು ಓಡಾಡುವುದನ್ನು ಪತ್ರಿಕೆಯವರು ಚಿತ್ರ ತೆಗೆದು ಹಾಕುತ್ತಿದ್ದರು. ಜನ ನಕ್ಕರು, ಜೊತೆಗೆ ಸ್ವಲ್ಪ ನಂಬಿದರು ಕೂಡ.

ಎರಡನೆಯ ವರ್ಷಕ್ಕೆ ಸೊಂಟ ಹಿಡಿದು ಓಡಾಡುವವರು ಕಡಿಮೆಯಾದರು. ಬೀದರಿನ ಹಿರಿಯ ಸದಸ್ಯ ರಾಚೋಟೆಪ್ಪನವರು ಒಂದು ದಿನ ಕ್ಯಾಂಟೀನಿನಲ್ಲಿ ಚೆಲುವಾಂಬಳ ಬಾಡಿದ ಮುಖ ನೋಡಿ ಕನಿಕರದಿಂದ ಹೇಳಿದರು.

"ಅಕ್ಕಾರ, ನೀವ್ಯಾಕ ಹಾಕೋತೀರಿ ಅದನ್ನ? ನಂದು ನಮ್ಮ ಡ್ರೈವರ್ ಹಾಕೋತಾನ. ಗಟ್ಟಿ ಆಳು, ಏನೂ ಆಗಂಗಿಲ್ಲ ಅವಂಗ. ಗುಂಡಿಗೆ ಲೈಟ್ ಬಂದ್ರ ಸಾಕಲ್ರೀ?"

"ತಪ್ಪಲ್ವಾ ಸರ್ ಅದು?"

"ತಪ್ಪ ಅಂದ್ರ ತಪ್ಪ. ಮತ್ತ ನಾಳೆ ಸಮಿತಿ ಸಭಾದಾಗ ನಿದ್ದಿ ಹೊಡದ್ರ ಅದು ತಪ್ಪಲ್ಲೇನು? ನಮಗ ಕೆಲಸ ಅದಾವ್ರೀ."

ಅದು ಅವಳ ತಲೆಯಲ್ಲಿ ಉಳಿಯಿತು. ಆದರೂ ಅವಳಾಗಿ ಅತ್ತಿಗೆಯನ್ನು ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ಒಂದು ಬೆಳಿಗ್ಗೆ ಕೈಯಲ್ಲಿ ಭಾಷಣದ ಹಾಳೆ, ಹೆಗಲ ಮೇಲೆ ಅಂಗಿ ಹಾಕಿಕೊಂಡು ಅವಳು ಮಗಳ ಜಡೆ ಹೆಣೆಯುತ್ತಿದ್ದಾಗ ಜವರಮ್ಮ ಬಂದು ಅಂಗಿಯನ್ನು ಎಳೆದುಕೊಂಡಳು.

"ಇತ್ಲಾಗ್ ಕೊಡು ಅದ್ನ. ನಾನ್ ಮನೇಲ್ ತಾನೆ ಇರೋದು, ಹಾಕ್ಕಂಡಿರ್ತೀನಿ. ನೀನ್ ಹೋಗಿ ಮಾತಾಡು."

"ಬೇಡ ಅತ್ತಿಗೆ, ಮೈಕೈ ನೋವು ಬರ್ತದೆ."

"ಬಂದ್ರೆ ಬರ್ಲಿ ಬುಡು. ನಂಗೇನ್ ಅಲ್ಲಿ ಕುರ್ಚಿ ಮೇಲೆ ನೆಟ್ಟಗ್ ಕೂತ್ಕಬೇಕಾ?"

ಇಂಚರ ನಕ್ಕಳು. ಚೆಲುವಾಂಬಳೂ ನಕ್ಕಳು. ಅಂದಿನಿಂದ ಅಂಗಿ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಬಂತು.

ನಾಲ್ಕನೆಯ ವರ್ಷ ಶಾಲಾ ಅಡುಗೆಮನೆಯ ಮಸೂದೆ ಬಂತು. ಪ್ರತಿ ಶಾಲೆಯ ಅಡುಗೆಮನೆಯನ್ನೂ ಮುಚ್ಚಿ, ಹೋಬಳಿಗೊಂದು ದೊಡ್ಡ ಅಡುಗೆಮನೆ ಮಾಡುವುದು. ಮಧ್ಯಾಹ್ನದ ಊಟದ ಜೊತೆ ಬೆಳಗಿನ ತಿಂಡಿ, ಸಂಜೆಯ ಹಾಲು, ಎಲ್ಲ ಅಲ್ಲಿಂದಲೇ. ಆದರೆ ಅಡುಗೆಯ ಹೆಂಗಸರು ನಸುಕಿನಿಂದ ಸಂಜೆಯವರೆಗೆ ಒಂದೇ ಸರದಿಯಲ್ಲಿ ಹಬೆಯ ಕೊಪ್ಪರಿಗೆಗಳ ಮುಂದೆ ನಿಲ್ಲಬೇಕು. ಎರಡು ಸರದಿ ಮಾಡಿ ಎಂದು ವಿರೋಧ ಪಕ್ಷ ಕೇಳಿತು. ಖಜಾನೆಗೆ ಅಷ್ಟು ಶಕ್ತಿ ಇಲ್ಲ ಎಂದು ಮಂತ್ರಿಗಳು ಹೇಳಿದರು.

ಚೆಲುವಾಂಬಳಿಗೆ ತಿಂಡಿಯ ಆಸೆ. ಬೆಳಗಿನ ಪ್ರಾರ್ಥನೆಯಲ್ಲಿ ಖಾಲಿ ಹೊಟ್ಟೆಯ ಮಕ್ಕಳು ತಲೆ ಸುತ್ತಿ ಬೀಳುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೆ ಅವಳ ಶಾಲೆಯಲ್ಲೇ ಬಿಸಿಯೂಟ ಬೇಯಿಸುತ್ತಿದ್ದ ಪುಟ್ಟತಾಯಮ್ಮ ಫೋನು ಮಾಡಿ ಕೇಳಿದ್ದಳು: "ಟೀಚ್ರೇ, ಒಂದೇ ಸರದಿ ಅಂದ್ರೆ ನಮ್ ಕೈಲಾಗಲ್ಲ. ನೀವು ಆ ಅಂಗಿ ಹಾಕ್ಕಂಡು ನೋಡಿ. ನೀವ್ ಏನಂತೀರೋ ಅದ್ಕೆ ನಾವ್ ಒಪ್ತೀವಿ." ನೋಡುತ್ತೇನೆ ಎಂದು ಚೆಲುವಾಂಬ ಮಾತು ಕೊಟ್ಟಿದ್ದಳು.

ಅಂಗಿಯ ದಿನ ಅವಳಿಗೆ ಎರಡು ಸಮಿತಿಗಳ ಸಭೆ ಒಟ್ಟಿಗೇ ಬಿತ್ತು. ಸಂಜೆ ಬಂದಾಗ ಜವರಮ್ಮ ಅಂಗಿಯನ್ನು ಬಿಚ್ಚಿ, ಒಗೆದು, ಹಗ್ಗದ ಮೇಲೆ ಹರವಿದ್ದಳು.

"ಹೇಗಿತ್ತು ಅತ್ತಿಗೆ? ತಡೀಬೋದಾ?"

"ಹೂಂ, ತಡೀಬೋದು. ಒಸಿ ಸೆಕೆ ಆಯ್ತು ಅಷ್ಟೆ. ಕೈಕಾಲ್ ತೊಳ್ಕೊ ಹೋಗು, ಉಪ್ಸಾರು ಮಾಡಿವ್ನಿ."

ಮರುದಿನ ಚೆಲುವಾಂಬ ಸದನದಲ್ಲಿ ಎದ್ದು ನಿಂತು ಹೇಳಿದಳು: "ಮಾನ್ಯ ಸಭಾಧ್ಯಕ್ಷರೇ, ಈ ಅಂಗಿಯೊಳಗೆ ನಾನೊಂದು ದಿನ ಕಳೆದಿದ್ದೇನೆ. ದಣಿವು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ತಡೆಯಬಹುದು. ಮಕ್ಕಳ ಹಸಿವನ್ನು ತಡೆಯಲಾಗದು." ಮೇಜು ಕುಟ್ಟಿದ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಆ ಮಾತು ಟೀವಿಯಲ್ಲಿ ಮತ್ತೆ ಮತ್ತೆ ಬಂತು. ಮಸೂದೆ ಜನಸಭೆಯಲ್ಲಿ ಗೆದ್ದು ಹಿರಿಯರ ಸಭೆಗೆ ಹೋಯಿತು.

ಪುಟ್ಟತಾಯಮ್ಮ ಮತ್ತೆ ಫೋನು ಮಾಡಿದಳು. ಈ ಸಲ ದನಿ ಸಣ್ಣದಾಗಿತ್ತು. "ಟೀವೀಲಿ ನೋಡ್ದೊ ಟೀಚ್ರೇ. ನೀವೇ ತಡ್ಕಂಡಿದ್ದೀನಿ ಅಂದ್ಮೇಲೆ ನಾವಿನ್ನೇನ್ ಅನ್ನಾದು. ನಮ್ಮೋರು ಕೆಲವ್ರು ಬೈಕಂಡ್ರು, ನಾನೇ ಸುಮ್ನಿರಿ ಅಂದೆ. ನಮ್ ಟೀಚರ್ರು ಸುಳ್ ಯೋಳಲ್ಲ ಅಂದೆ."

ಚೆಲುವಾಂಬ ಏನೋ ಕೆಲಸ ಬಂತೆಂದು ಫೋನು ಇಟ್ಟಳು. ಯಾವ ಕೆಲಸವೂ ಬಂದಿರಲಿಲ್ಲ.

ಕೆಲವು ದಿನಗಳ ಮೇಲೆ ನೆಲಮಾಳಿಗೆಯಿಂದ ಕರೆ ಬಂತು. ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಶಾನಭಾಗರು ಕುಮಟೆಯವರು. ಕನ್ನಡದ ಸದಸ್ಯರು ಸಿಕ್ಕರೆ ಕಾಫಿ ಕೊಡದೆ ಕಳಿಸುವವರಲ್ಲ. ಚೆಲುವಾಂಬ ಎತ್ತರದ ಚಪ್ಪಲಿ ಟಕಟಕ ಎನ್ನಿಸುತ್ತ ಕಡಿದಾದ ಮೆಟ್ಟಿಲಿಳಿದು ಬಂದಾಗ ಅವರು ಪರದೆಯ ಮುಂದೆ ನಿಂತಿದ್ದರು.

"ನೋಡಿ ಮೇಡಂ, ಇದು ನಿಮ್ಮ ಗೆರೆ. ಕೆಂಪು ಇಷ್ಟು ಎತ್ತರ ಹತ್ತಿದೆ. ನೀಲಿ ಅಲ್ಲಾಡಿಲ್ಲ. ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ಅಲ್ಲೇ. ಇಂಥ ಗೆರೆಗಳು ಈ ಮಸೂದೆಗೆ ಬಹಳ ಬಂದಿವೆ. ಇವು ಇರದಿದ್ದರೆ ಸಹಿಸಲಾಗದು ಅಂತಲೇ ನಾವು ಬರೆಯಬೇಕಿತ್ತು."

"ಅಂದರೆ ಒಳ್ಳೆಯದೇ ತಾನೇ?"

"ನಾನೂ ಮೊದಲು ಹಾಗೇ ಅಂದುಕೊಂಡೆ. ನಾವು ಲೆಕ್ಕ ಹಿಡಿಯುವುದು ಏರಿಕೆಯನ್ನು ಮಾತ್ರ. ಆದರೆ ನಿನ್ನೆ ಸುಮ್ಮನೆ ಕೂತು ಗೆರೆ ಶುರುವಾಗುವ ಜಾಗ ನೋಡಿದೆ. ಬೇರೆ ಸದಸ್ಯರ ನೀಲಿ ಸಂಜೆಗೆ ಎಲ್ಲಿ ಮುಟ್ಟುತ್ತದೋ, ನಿಮ್ಮದು ಬೆಳಿಗ್ಗೆ ಅಲ್ಲಿಂದಲೇ ಹೊರಟಿದೆ. ಭಾರ ಹೇರುವುದಕ್ಕೆ ಮುಂಚೆಯೇ. ಎಡ ಮೊಣಕಾಲು, ಸೊಂಟ, ಬಲ ಭುಜ. ಇದು ಒಂದೆರಡು ವರ್ಷದ ನೋವಲ್ಲ. ಈ ಮೈಗೆ ಹೊಸದಾಗಿ ಏರಲು ಜಾಗವೇ ಉಳಿದಿಲ್ಲ ಮೇಡಂ. ನೀವು ಯಾರಾದರೂ ಡಾಕ್ಟರಿಗೆ ತೋರಿಸಿ..."

ಅವರ ಕಣ್ಣು ಅವಳ ಚಪ್ಪಲಿಯ ಮೇಲಿತ್ತು. ಅಲ್ಲಿಂದ ಅವಳು ಇಳಿದು ಬಂದ ಮೆಟ್ಟಿಲಿನ ಕಡೆಗೆ ಹೋಯಿತು. ಆಮೇಲೆ ಅವರು ಕಾಫಿ ಬಟ್ಟಲನ್ನು ಅತ್ತಿತ್ತ ಸರಿಸಿದರು.

ಪಾಠ ಒಪ್ಪಿಸಲಾಗದೆ ನಿಂತ ಎಷ್ಟೋ ಮಕ್ಕಳನ್ನು ಚೆಲುವಾಂಬ ನೋಡಿದ್ದಳು. ಆ ನಿಲುವು ಒಳಗಿನಿಂದ ಹೇಗಿರುತ್ತದೆಂದು ಈಗ ಗೊತ್ತಾಯಿತು.

"ಈ ಗೆರೆಯನ್ನು ತೆಗೆದುಹಾಕಬಹುದೇ?" ಎಂದು ಕೇಳಿದಳು.

"ನನ್ನ ಕೈಲಿಲ್ಲ. ಸದಸ್ಯರು ಸದನದಲ್ಲಿ ಹೇಳಬೇಕು, ಅದು ಕಡತಕ್ಕೆ ಹೋಗಬೇಕು. ಕಡತದಲ್ಲಿ ಬಂದ ಮಾತಿಗೆ ಮಾತ್ರ ನಾವು ಬೆಲೆ ಕೊಡುವ ಹಾಗಿದೆ." ಪರದೆಯ ಕಡೆಗೇ ತಿರುಗಿ ಅವರು ಹೇಳಿದರು. "ಒಬ್ಬರು ಹೇಳಿದರೂ ಉಳಿದವನ್ನು ಪರೀಕ್ಷಿಸಿ ಅಂತ ನಾನು ಕೇಳಬಹುದು. ಯಾರೂ ಹೇಳದಿದ್ದರೆ ಇವೇ ಮುಂದಿನ ಎಲ್ಲ ಮಸೂದೆಗಳಿಗೂ ಅಳತೆಗೋಲು."

ಮನೆಗೆ ಬಂದಾಗ ಜವರಮ್ಮ ಹಿತ್ತಲ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಎಡಗಾಲನ್ನು ನೀಡಿಕೊಂಡು ಕೂತಿದ್ದಳು. ಅವಳು ಯಾವಾಗಲೂ ಹಾಗೇ ಕೂರುವುದು. ಅದು ಅವಳ ಕೂರುವ ರೀತಿ ಎಂದೇ ಚೆಲುವಾಂಬ ಇಷ್ಟು ವರ್ಷ ತಿಳಿದಿದ್ದಳು.

"ಅತ್ತಿಗೆ, ನಿಮ್ಮ ಮೊಣಕಾಲು ನೋಯ್ತದಾ?"

"ಯಾರ್ ಯೋಳುದ್ರು?"

"ಅಂಗಿ ಹೇಳ್ತು."

"ಅದ್ರ ಮನೆ ಹಾಳಾಗ. ಅದ್ಕೂ ಬಾಯ್ ಅದಾ?"

"ನಗಬೇಡಿ. ಎಷ್ಟು ದಿನದಿಂದ?"

ಜವರಮ್ಮ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು. "ಇಂಚರ ಹುಟ್ಟಕ್ ಮುಂಚಿಂದ್ಲೂ ಅದೆ. ಅದೇನ್ ದಿನಾ ಯೋಳ್ಕಂಡ್ ಕೂರಾದಾ?"

"ಅವತ್ತು ಅಂಗಿ ಹಾಕ್ಕೊಂಡಾಗ ನನಗೆ ಯಾಕೆ ಹೇಳಲಿಲ್ಲ?"

"ನೋವಾ ಅಂತ ನೀನ್ ಎಲ್ ಕೇಳ್ದೆ? ತಡೀಬೋದಾ ಅಂತ ಕೇಳ್ದೆ. ತಡೀಬೋದು ಅಂದೆ."

ಬೈದು ಹೇಳಿದ ಮಾತಲ್ಲ ಅದು. ಅಂಗಡಿಯಿಂದ ಏನು ತರಬೇಕೆಂದು ಕೇಳಿದಾಗ ಹೇಳುವಂತೆ ಹೇಳಿದಳು. ಚೆಲುವಾಂಬ ಒಳಗೆ ಹೋಗಿ ಮುಖ ತೊಳೆದಳು. ಮುಖ ತೊಳೆದರೂ ಮತ್ತೆ ಹಿತ್ತಲಿಗೆ ಹೋಗುವ ಮುಖವಿರಲಿಲ್ಲ.

ಹಿರಿಯರ ಸಭೆ ಎರಡು ಸರದಿಯ ತಿದ್ದುಪಡಿ ಸೇರಿಸಿ ಮಸೂದೆಯನ್ನು ವಾಪಸು ಕಳಿಸಿತು. ಜನಸಭೆ ಒಪ್ಪಿದರೆ ಪುಟ್ಟತಾಯಮ್ಮನಂಥವರು ಅರ್ಧ ದಿನ ನಿಂತರೆ ಸಾಕು. ಒಪ್ಪದಿದ್ದರೆ ಹಳೆಯ ಮಸೂದೆಯೇ ಕಾನೂನು. ನಿಯಮದಂತೆ, ಒಂದೇ ಸರದಿಯ ಅದೇ ದಿನವನ್ನು ಹೊತ್ತ ಅಂಗಿಯನ್ನು ಮತ್ತೊಮ್ಮೆ ಹಾಕಬೇಕಿತ್ತು. ಚೆಲುವಾಂಬ ಅದನ್ನು ಮೊಳೆಯಿಂದ ತೆಗೆದು ತಾನೇ ಹಾಕಿಕೊಂಡಳು. ಎರಡೂ ಸಮಿತಿಗಳಿಗೆ ರಜೆ ಹೇಳಿದಳು.

ಮೊದಲು ಸಹಿಸುವಂತೆಯೇ ಇತ್ತು. ಇಂಚರ ಶಾಲೆಗೆ ಹೊರಡುವ ಹೊತ್ತಿಗೆ ಮುಂಗೈಯಲ್ಲಿ ದೊಡ್ಡ ಸೌಟಿನ ತೂಕ ಬಂತು. ತಿಂಡಿ ಮುಗಿಯುವ ಹೊತ್ತಿಗೆ ಕಣ್ಣಿಗೆ, ಕತ್ತಿಗೆ ಹಬೆ ಅಡರಿತು. ನೆರಳಲ್ಲಿ ಕೂತಳು, ಫ್ಯಾನು ಹಾಕಿದಳು. ಪರೀಕ್ಷೆಯ ಹೋಬಳಿಯಲ್ಲಿ ಅಂಗಿ ತೊಟ್ಟಿದ್ದ ಹೆಂಗಸು ಇಡೀ ದಿನ ನಿಂತೇ ಇದ್ದುದರಿಂದ ಇವಳು ಕೂತರೂ ಕಾಲು ಮಾತ್ರ ನಿಂತೇ ಇದ್ದವು. ಮಲಗಿದರೂ ನಿಂತಿದ್ದವು. ಮಧ್ಯಾಹ್ನದ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಸೊಂಟದಲ್ಲಿ ಏನೋ ಹಿಡಿದು ತಿರುಚಿದಂತಾಗಿ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿದಳು.

ಜವರಮ್ಮ ಓಡಿ ಬಂದಳು. ಮಜ್ಜಿಗೆ ಕುಡಿಸಿದಳು. ನೆಲದ ಮೇಲೆ ಮಂಡಿಯೂರಿ ಚೆಲುವಾಂಬಳ ಕಾಲನ್ನು ಒತ್ತತೊಡಗಿದಳು.

"ಇದನ್ನೇ ಹಾಕ್ಕಂಡು ನಾನ್ ಮುದ್ದೆ ತೊಳಸಿದ್ನಲ್ಲ ಅವತ್ತು. ನಿಂಗ್ಯಾಕ್ ಹಿಂಗಾಯ್ತು? ಅಂಗೀದೇ ಏನಾರ ಕೆಟ್ಟೋಗಿದ್ದದು, ನೋಡ್ಸು."

"ಏಳಿ ಅತ್ತಿಗೆ. ಮಂಡಿಯೂರಬೇಡಿ. ಏಳಿ."

"ಸುಮ್ನಿರು. ನರ ಬಿಗಿದ್ಬುಟ್ಟದೆ."

ಕಾಲನ್ನು ಎಳೆದುಕೊಳ್ಳಲು ಅವಳಿಂದ ಆಗಲಿಲ್ಲ. ಒತ್ತುವ ಆ ಕೈ ಎಷ್ಟು ಹಿತವಾಗಿತ್ತೆಂದರೆ, ಎಳೆದುಕೊಳ್ಳುವ ಮನಸ್ಸೂ ಬರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ನಾಚಿಕೆಯಾದದ್ದು.

ಮತದ ದಿನ ಅವಳ ಪಕ್ಷದ ಮುಖ್ಯ ಸಚೇತಕರು, ಹಿಂದಿನ ಮಾತನ್ನೇ ಇನ್ನೊಮ್ಮೆ ಹೇಳಿ ಕೂತರೆ ಸಾಕು ಎಂದು ಅವಳಿಗೆ ಸಮಯ ಕೊಡಿಸಿದ್ದರು. ಅವಳು ಎದ್ದಳು. ಹಾಳೆ ಹಿಡಿದಿರಲಿಲ್ಲ.

"ಮಾನ್ಯ ಸಭಾಧ್ಯಕ್ಷರೇ, ಕಳೆದ ಸಲ ಅಂಗಿ ಹಾಕಿದ್ದೆ ಎಂದು ಹೇಳಿದ್ದೆ. ಹಾಕಿರಲಿಲ್ಲ. ನನ್ನ ಮನೆಯಲ್ಲಿ ನನಗಾಗಿ ದುಡಿಯುವ ನನ್ನ ಅತ್ತಿಗೆಗೆ ಹಾಕಿದ್ದೆ. ಆಕೆಯ ಮೈಯಲ್ಲಿ ಮೊದಲೇ ಅಷ್ಟು ನೋವಿತ್ತು, ಹೊಸದು ಗೊತ್ತಾಗಲಿಲ್ಲ. ಸಹಿಸಬಹುದು ಎಂದು ಬರೆದಿರುವ ಆ ಅಳತೆ ನಮ್ಮದಲ್ಲ. ನಾವು ಯಾರ ಮೇಲೆ ಹೊರೆ ಹೊರಿಸುತ್ತೇವೋ ಅವರದೇ..."

ಅಷ್ಟರಲ್ಲಿ ಅವಳ ಮೈಕಿನ ಕೆಂಪು ದೀಪ ಆರಿತು. ಗದ್ದಲವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಆ ದೊಡ್ಡ ಸದನದಲ್ಲಿ ಎಲ್ಲ ಪಕ್ಷದವರೂ ತಮ್ಮ ತಮ್ಮ ಮೇಜನ್ನು ನೋಡುತ್ತ ಕೂತಿದ್ದರು. ಸಭಾಧ್ಯಕ್ಷರು ಮೆಲ್ಲಗೆ, ಬಹಳ ಸಭ್ಯವಾಗಿ ಹೇಳಿದರು: "ಸದನದ ಘನತೆಗೆ ಧಕ್ಕೆ ತರುವ ಮಾತುಗಳನ್ನು ಕಡತದಿಂದಲೂ ಟೀವಿ ಪ್ರಸಾರದಿಂದಲೂ ತೆಗೆಯಲಾಗಿದೆ. ಮಾನ್ಯ ಸದಸ್ಯರು ಕುಳಿತುಕೊಳ್ಳಬೇಕು."

ಪಕ್ಕದ ಸಾಲಿನಿಂದ ರಾಚೋಟೆಪ್ಪನವರು ಬಾಗಿ ಹೇಳಿದರು: "ಕುಂದರ್ರಿ ಅಕ್ಕಾರ. ನಿಮ್ಮ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಎಲ್ಲಾರ ಮಾರಿಗೂ ಯಾಕ ಮಸಿ ಬಳೀತೀರಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರೂ ಮೇಜನ್ನೇ ನೋಡುತ್ತಿದ್ದರು.

ಅವಳು ತಿದ್ದುಪಡಿಯ ಪರ ಗುಂಡಿ ಒತ್ತಿದಳು. ತಿದ್ದುಪಡಿ ಬಿತ್ತು, ಮಸೂದೆ ಗೆದ್ದಿತು. ಅವಳು ಆಡಿದ್ದು ಕಡತದಲ್ಲಿ ಇಲ್ಲವಾದ್ದರಿಂದ ನೆಲಮಾಳಿಗೆಯಲ್ಲಿ ಅವಳ ಗೆರೆಯೂ ಉಳಿದವರ ಗೆರೆಗಳೂ ಇದ್ದಲ್ಲೇ ಇದ್ದವು.

ಮನೆಯಲ್ಲಿ ಜವರಮ್ಮ ಟೀವಿ ಆರಿಸಿ ಬಾಗಿಲಲ್ಲೇ ಕಾಯುತ್ತಿದ್ದಳು.

"ನೀನ್ ಎದ್ದಿದ್ ಕಾಣುಸ್ತು. ಆಮೇಲ್ ಬಾಯ್ ಆಡ್ತು, ಸದ್ದೇ ಬರ್ನಿಲ್ಲ. ಟೀವಿ ಕೆಟ್ಟೋಯ್ತು ಅಂದ್ಕಂಡು ತಟ್ದೆ. ಏನಂದೆ ಚೆಲುವ?"

ಸದನದಲ್ಲಿ ಎದ್ದು ನಿಂತು ಹೇಳಿದ್ದು ಸುಲಭವಾಗಿತ್ತು ಎಂದು ಅವಳಿಗೆ ಆಗ ತಿಳಿಯಿತು. ಹೇಳಿದಳು. ಪುಟ್ಟತಾಯಮ್ಮನಿಗೆ ಮಾತು ಕೊಟ್ಟದ್ದು, ಸುಳ್ಳು ಹೇಳಿದ್ದು, ಅತ್ತಿಗೆಯ ಮೈಯನ್ನೇ ಅಳತೆಗೋಲು ಮಾಡಿಕೊಂಡು ಕಾನೂನು ಮಾಡಿದ್ದು, ಎಲ್ಲವನ್ನೂ ಸೋಫಾದ ಅಂಚಿನಲ್ಲಿ ಕೂತು ಹೇಳಿದಳು. ಜವರಮ್ಮ ನಿಂತೇ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಸಣ್ಣದಾಯಿತು.

"ಹಂಗಾದ್ರೆ ಆ ಹೆಣ್ಮಕ್ಳು ಸಂಜೆಗಂಟ ನಿಲ್ಲಾದು ನನ್ನಿಂದ್ಲಾ?"

"ನಿಮ್ಮಿಂದ ಅಲ್ಲ ಅತ್ತಿಗೆ. ನನ್ನಿಂದ."

"ತಡೀಬೋದು ಅಂದೋಳು ನಾನ್ ತಾನೆ." ಜವರಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಕೈ ಒದ್ದೆಯಾಗಿರಲಿಲ್ಲ. "ನಾಳಿಕ್ ನನ್ನೂ ಕರ್ಕಂಡೋಗು ಅಲ್ಗೆ. ಗೊತ್ತಿಲ್ದೆ ಅಂದ್ಬುಟ್ಟೆ ಕನಪ್ಪಾ ಅಂತ ನಾನೇ ಯೋಳ್ತೀನಿ."

"ನೀವು ಅಲ್ಲಿ ಮಾತಾಡೋ ಹಾಗಿಲ್ಲ ಅತ್ತಿಗೆ. ಸದಸ್ಯರಿಗೆ ಮಾತ್ರ."

ಜವರಮ್ಮನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು.

"ಅಂಗಿ ಹಾಕ್ಕಳಕೆ ಮಾತ್ರ ನಾನ್ ಆಯ್ತಿದ್ನಲ್ಲ?"

ಅತ್ತಿಗೆ ಕಾಯುತ್ತ ನಿಂತಿದ್ದಳು, ಭಾರವನ್ನೆಲ್ಲ ಬಲಗಾಲಿನ ಮೇಲೆ ಬಿಟ್ಟು.